ಒಂದು ಗತಿ ಕಾಣಿಸಿ

ಮಾರ್ಚ್ ೩, ಸೋಮವಾರ

ಕಂಟ್ರಾಕ್ಟರರ ಪಾಂಪ್ಲೆಟ್, ಮೂರನೇ ಪ್ರೂಫ್. ಅವರ ಕಡೆಯವರು ಬರೆದು ಕಳಿಸಿದ್ದರಲ್ಲಿ 'ಅಭಿವೃದ್ಧಿ' ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಮಹಾಪ್ರಾಣ ಹಾರಿಹೋಗಿದೆ. ಪ್ರಾಣವೇ ಇಲ್ಲದ ಅಭಿವೃದ್ಧಿ. ಕೆಂಪು ಪೆನ್ನು ಹಿಡಿದು ಒಂದೊಂದಕ್ಕೂ ಪ್ರಾಣ ಕೊಡುತ್ತಾ ಕೂತೆ. ಪ್ರೆಸ್ಸಿನ ಯಜಮಾನರು ಮಷಿನ್ ಹತ್ತಿರದಿಂದಲೇ ಗೊಣಗಿದರು — ಅವರು ಕೊಟ್ಟ ಹಾಗೇ ಹೊಡೆದು ಬಿಸಾಕಮ್ಮ, ಓಟು ಹಾಕೋರು ಮಹಾಪ್ರಾಣ ನೋಡ್ತಾರಾ ಅಂತ. ಅವರು ನೋಡಲ್ಲ. ನಾನು ನೋಡಬೇಕಲ್ಲ, ಸಂಬಳ ಅದಕ್ಕೇ ತಾನೇ ಕೊಡೋದು.

ಎಲೆಕ್ಷನ್ ಅಂದರೆ ನಮ್ಮ ಪ್ರೆಸ್ಸಿಗೆ ಸುಗ್ಗಿ. ವಾರ್ಡಿನಲ್ಲಿ ನಿಂತಿರುವವರು ಇಬ್ಬರು. ರಸ್ತೆ ಕಂಟ್ರಾಕ್ಟರು, ಮತ್ತೆ ನಮ್ಮ ಮೇಷ್ಟ್ರು. ಇಬ್ಬರ ಕೆಲಸವೂ ನಮ್ಮಲ್ಲೇ. ಒಬ್ಬರ ಕಡೆಯವರು ಒಳಗೆ ಬಂದರೆ ಇನ್ನೊಬ್ಬರ ಬಂಡಲಿನ ಮೇಲೆ ಹಳೇ ಪೇಪರ್ ಮುಚ್ಚಬೇಕು. ಮುಚ್ಚಿ ತೆಗೆದು, ಮುಚ್ಚಿ ತೆಗೆದು ಸೊಂಟ ಬಿದ್ದುಹೋಯಿತು.

ಕೆಲಸ ಬಿಟ್ಟ ಮೇಲೆ ಯಾರ್ಡಿಗೆ. ಪಶು ಆಸ್ಪತ್ರೆಯ ಹಿಂದಿನ ಕಾಂಪೌಂಡು. ಡಾಕ್ಟರಮ್ಮ ಬೀದಿನಾಯಿಗಳಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿ, ರೇಬೀಸ್ ಇಂಜೆಕ್ಷನ್ ಹಾಕಿ, ಎಲ್ಲಿಂದ ತಂದರೋ ಅಲ್ಲೇ ಬಿಡುತ್ತಾರೆ. ಬಿಡಲಾಗದ ನಾಯಿಗಳು ಇಲ್ಲೇ ಉಳಿದಿವೆ, ಹೆಸರಿಟ್ಟವಳು ನಾನೇ. ಕುಂಟಿ. ಎರಡೂ ಕಣ್ಣು ಹೋದ ಅಜ್ಜಿ. ಗೇಟಿನ ಪಕ್ಕ ಕೂತು, ಬಂದವರನ್ನು ಕಾಲಿನಿಂದ ತಲೆವರೆಗೆ ನೋಡುವ ಸೆಕ್ರೆಟರಿ. ಇನ್ನೂ ಇವೆ. ಸಂಜೆ ಊಟ ಹಾಕುವುದು ನನ್ನ ಪಾಲಿನ ಕೆಲಸ, ಯಾರೂ ಹೇಳದೇ ನನ್ನ ತಲೆಗೆ ಬಂದದ್ದು.

ಡಾಕ್ಟರಮ್ಮನ ಮುಖ ಸಪ್ಪಗಿತ್ತು. ಯಾರ್ಡು ನಗರಸಭೆಯ ಜಾಗ. ಅನುಮತಿ ಈಗಿನ ಸದಸ್ಯರ ಅವಧಿಯ ಜೊತೆಗೇ ಮುಗಿಯುತ್ತದಂತೆ. ಹೊಸ ಸದಸ್ಯರು ಬೇಕು ಅಂದರೆ ಉಂಟು, ಬೇಡ ಅಂದರೆ ಇಲ್ಲ. ಕಾರ್ ಪಾರ್ಕಿಂಗಿಗೆ ಆ ಜಾಗ ಚೆನ್ನಾಗಿದೆ ಅಂತ ಆಗಲೇ ಮಾತು ಓಡಾಡುತ್ತಿದೆ. ಯಾರ್ಡು ಹೋದರೆ ಇವು ಎಲ್ಲಿಗೆ ಅಂತ ಕೇಳಿದೆ. ಎಲ್ಲಿಗೂ ಇಲ್ಲ ಅಂದರು. ಎಲ್ಲಿಗೂ ಇಲ್ಲ ಅಂದರೆ ಏನು ಅಂತ ಇಬ್ಬರಿಗೂ ಗೊತ್ತು.

"ಎಲೆಕ್ಷನ್‌ಗೆ ನಿಂತೋರನ್ನ ಈಗಲೇ ಹಿಡ್ಕೊಳ್ಳಿ ಅಕ್ಕ," ಅಂದರು. "ಗೆದ್ದ ಮೇಲೆ ಫೋನೂ ಎತ್ತಲ್ಲ."

ಮಾರ್ಚ್ ೫, ಬುಧವಾರ

ಬರೆದೆ. ನಾನೇ. ಊರಿನವರ ಪಾಂಪ್ಲೆಟ್ ಎಲ್ಲ ತಿದ್ದಿ ತಿದ್ದಿ, ಸ್ವಂತದ್ದು ಅಂತ ಬರೆದದ್ದು ಇದೇ ಮೊದಲು.

ಮೇಲೆ ದಪ್ಪಕ್ಷರದಲ್ಲಿ — ಬೀದಿನಾಯಿಗಳಿಗೆ ಒಂದು ಗತಿ ಕಾಣಿಸಿ. ಅಷ್ಟೇ. ಕೆಳಗೆ ಸಣ್ಣಕ್ಷರದಲ್ಲಿ ವಿವರ. ಯಾರ್ಡು ಉಳಿಯಬೇಕು, ಅನುಮತಿ ಮುಂದುವರಿಸಬೇಕು, ಗೆದ್ದು ಬಂದರೆ ಮಾಡಿಕೊಡುತ್ತೇನೆಂದು ಅಭ್ಯರ್ಥಿಗಳು ಸಹಿ ಹಾಕಬೇಕು. ಮೊದಲು 'ಬದುಕುವ ಹಕ್ಕು' ಅಂತ ಬರೆದಿದ್ದೆ. ಭಾಷಣದ ಹಾಗಿತ್ತು, ಹೊಡೆದು ಹಾಕಿದೆ. 'ದಯೆ ತೋರಿಸಿ' ಅಂತ ಬರೆದೆ. ಭಿಕ್ಷೆ ಬೇಡಿದ ಹಾಗಿತ್ತು. 'ಗತಿ ಕಾಣಿಸಿ' — ಇದು ಸರಿಹೋಯಿತು. ಮನೆಮಾತು. ಅಮ್ಮ ಸಾಯುವ ತನಕ ಹೇಳುತ್ತಿದ್ದದ್ದು ಇದನ್ನೇ, ನಿನಗೊಂದು ಗತಿ ಕಾಣಿಸಿದರೆ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತೇನೆ ಅಂತ.

ರಾತ್ರಿ ಮನೆಯಲ್ಲಿ ಇವರಿಗೆ ಓದಿ ತೋರಿಸಿದೆ. ನಡುಮನೆಯ ತುಂಬಾ ಫ್ರಿಜ್ಜಿನ ಪಾರ್ಟು ಹರಡಿಕೊಂಡು ಕೂತಿದ್ದರು. ರಿಪೇರಿಗೆ ಬಂದ ಒಂದು ಹಳೇ ಫ್ರಿಜ್ಜು ತಿಂಗಳಿನಿಂದ ಬಾಗಿಲಲ್ಲೇ ಅಡ್ಡ ನಿಂತಿದೆ, ಮಾಲೀಕರು ಪತ್ತೆಯಿಲ್ಲ. ಚೆನ್ನಾಗಿದೆ ಅಂದರು, ನನ್ನ ಕಡೆ ನೋಡದೆ. ಆಮೇಲೆ ಫ್ರಿಜ್ಜಿಗೆ ಒಂದು ಏಟು ಕೊಟ್ಟು, ಇದಕ್ಕೂ ನಾಳೆ ಒಂದು ಗತಿ ಕಾಣಿಸಿಬಿಡ್ತೀನಿ ಅಂದರು. ನಕ್ಕೆ.

ಮಾರ್ಚ್ ೭, ಶುಕ್ರವಾರ

ಕಟಿಂಗಿನಲ್ಲಿ ಉಳಿದ ಹಳದಿ ಕಾಗದದಲ್ಲಿ ಹೊಡೆದಾಯಿತು. ಯಜಮಾನರು ಬೈದುಕೊಂಡೇ ಮಷಿನ್ ಬಿಟ್ಟುಕೊಟ್ಟರು. ಮೂರು ಸಲ ಪ್ರೂಫ್ ನೋಡಿದೆ. ಒಂದು ಒತ್ತೂ, ಒಂದು ದೀರ್ಘವೂ ತಪ್ಪಿಲ್ಲ. ಹಳದಿಯ ಮೇಲೆ ಕಪ್ಪು ಎದ್ದು ಕಾಣುತ್ತದೆ.

ಗುಜರಿಯವನು ಬಂದು ಫ್ರಿಜ್ಜು ಒಯ್ದ. ಬಾಗಿಲು ದೊಡ್ಡದಾದ ಹಾಗಿದೆ.

ಮಾರ್ಚ್ ೯, ಭಾನುವಾರ

ಕಂಟ್ರಾಕ್ಟರು ಸಹಿ ಹಾಕಿದರು!! ನಿಂತ ಕಾಲಲ್ಲೇ!

ಅವರ ಆಫೀಸಿನ ಹೊರಗೆ ಬೆಂಚಿನ ಮೇಲೆ ಅರ್ಧ ಗಂಟೆ ಕೂತು, ಏನೇನು ವಾದ ಹೂಡಬೇಕು ಅಂತ ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದೆ. ಒಳಗೆ ಹೋದರೆ ಮೇಲಿನ ಸಾಲು ಓದಿದರು, ಪೆನ್ನು ಕೇಳಿದರು. ಇದು ತುಂಬಾ ಅಗತ್ಯವಾದ ಕೆಲಸ, ಇಷ್ಟು ದಿನ ಯಾರೂ ಧೈರ್ಯ ಮಾಡಿರಲಿಲ್ಲ ಅಂದರು. ಒಬ್ಬ ಹೆಂಗಸು ಮಾಡಿದಿರಲ್ಲ ಅಂತ ಬೇರೆ. ಟೀ ತರಿಸಿದರು. ಧೈರ್ಯ ಯಾತಕ್ಕೆ ಬೇಕೋ ಹೊಳೆಯಲಿಲ್ಲ. ಹೊಗಳಿದರೆ ನನಗೆ ಕಿವಿ ಮುಚ್ಚಿಹೋಗುತ್ತದೆ.

ಮಾರ್ಚ್ ೧೦, ಸೋಮವಾರ

ಮೇಷ್ಟ್ರೂ ಹಾಕಿದರು.

ಅವರು ಬೇರೆ ಥರ. ಕನ್ನಡಕ ಏರಿಸಿ ಪೂರ್ತಿ ಓದಿದರು, ಸಣ್ಣಕ್ಷರವನ್ನೂ ಬಿಡಲಿಲ್ಲ. ಮತ್ತೆ ಮೇಲಿನ ಸಾಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತರು. ಕಾಗುಣಿತ ಕಲಿಸಿದವರ ಮುಂದೆ ಈ ವಯಸ್ಸಿನಲ್ಲೂ ನಾನು ಸ್ಲೇಟು ಹಿಡಿದವಳೇ. "ವಾಕ್ಯ ಚೆನ್ನಾಗಿದೆ," ಅಂದರು. ನಿಧಾನವಾಗಿ ಸಹಿ ಹಾಕಿದರು. ಆ ಅಂದದ ಅಕ್ಷರ. ಬೋರ್ಡಿನ ಮೇಲೆ ನೋಡುತ್ತಿದ್ದೆನಲ್ಲ, ಅದೇ.

ಯಾರು ಗೆದ್ದರೂ ಯಾರ್ಡು ಉಳಿಯಿತು! ಡಾಕ್ಟರಮ್ಮ ನನ್ನನ್ನು ತಬ್ಬಿಕೊಂಡರು. ಎಲ್ಲಕ್ಕೂ ಒಂದೊಂದು ಬಿಸ್ಕತ್ತು ಜಾಸ್ತಿ. ಸೆಕ್ರೆಟರಿ ತನ್ನದು ತಿಂದು ಅಜ್ಜಿಯದನ್ನೂ ಹೊಡೆಯಲು ನೋಡಿತು. ಬೈದೆ. ಕಿವಿ ಕೆಳಗೆ ಹಾಕಿ, ತನಗೇನೂ ಗೊತ್ತಿಲ್ಲ ಅನ್ನುವ ಹಾಗೆ ಗೇಟಿಗೆ ಹೋಗಿ ಕೂತಿತು.

ಮಾರ್ಚ್ ೧೪, ಶುಕ್ರವಾರ

ಹೇಗೆ ಬರೆಯಲಿ.

ನಾಲ್ಕು ದಿನದಿಂದ ಖುಷಿಯಲ್ಲಿ ತೇಲುತ್ತಿದ್ದೆ. ನನ್ನ ಹಳದಿ ಕಾಗದ ಬೇಕರಿಯಲ್ಲಿ, ಬಸ್ ಸ್ಟಾಪಿನಲ್ಲಿ, ಸಲೂನಿನ ಕನ್ನಡಿಯ ಮೇಲೆ. ಜನ ಪ್ರೆಸ್ಸಿಗೇ ಬಂದು ಇನ್ನೊಂದಿಷ್ಟು ಕೊಡಿ ಅಂತ ಕೇಳಿ ತೆಗೆದುಕೊಂಡು ಹೋದರು. ಜನ ಕೆಟ್ಟವರಲ್ಲ, ಕೇಳುವವರಿರಲಿಲ್ಲ ಅಷ್ಟೇ ಅಂತ ಇವರ ಮುಂದೆ ಕೊಚ್ಚಿಕೊಂಡೆ.

ಇವತ್ತು ಮಧ್ಯಾಹ್ನ ಬಟ್ಟೆ ಫ್ಯಾಕ್ಟರಿಯಲ್ಲಿ ಹೊಲಿಯುವ ಹೆಂಗಸೊಬ್ಬಳು ಬಂದಳು. ಪಕ್ಕದಲ್ಲಿ ಮಗಳು, ಸಣ್ಣವಳು. ಕೆನ್ನೆಯಿಂದ ಕಿವಿಯವರೆಗೆ ಹೊಲಿಗೆಯ ಗುರುತು. ಹೋದ ವರ್ಷ ನಾಯಿ ಕಚ್ಚಿದ್ದು. ಹುಡುಗಿ ಈಗಲೂ ಸ್ಕೂಲಿಗೆ ಒಬ್ಬಳೇ ಹೋಗುವುದಿಲ್ಲವಂತೆ. ಆ ತಾಯಿ ನನ್ನ ಕೈ ಹಿಡಿದುಕೊಂಡಳು.

"ನಿಮ್ಮ ಕಾಗದ ಓದಿ ಅತ್ತುಬಿಟ್ಟೆ ಅಕ್ಕ. ನಮ್ಮ ಪರವಾಗಿ ಯಾರೂ ಬರೆದಿರ್ಲಿಲ್ಲ. ಒಂದು ಗತಿ ಕಾಣಿಸ್ಲೇಬೇಕು ಅವಕ್ಕೆ. ಒಂದೂ ಉಳೀಬಾರ್ದು."

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಹಾಗಲ್ಲ ತಾಯಿ, ನಾನು ಬರೆದದ್ದು ಅವನ್ನು ಉಳಿಸಲು ಅಂತ ಆ ಕೆನ್ನೆಯ ಮುಂದೆ ನಿಂತು ಹೇಗೆ ಹೇಳಲಿ? ಹೂಂ ಅಂದೆ. ಥೂ ನನ್ನ. ಹೂಂ ಅಂದುಬಿಟ್ಟೆ.

ಅವರು ಹೋದ ಮೇಲೆ ಒಂದು ಕಾಪಿ ತೆಗೆದುಕೊಂಡು ಓದಿದೆ. ಬೀದಿನಾಯಿಗಳಿಗೆ ಒಂದು ಗತಿ ಕಾಣಿಸಿ. ಮತ್ತೆ ಓದಿದೆ. ಇವರು ಫ್ರಿಜ್ಜಿಗೆ ಕಾಣಿಸಿದ ಗತಿ. ರೌಡಿಗಳು ಬೀದಿಯಲ್ಲಿ ಕೂಗಾಡುವಾಗ ಹೇಳುವ ಗತಿ — ಅವನಿಗೊಂದು ಗತಿ ಕಾಣಿಸ್ತೀನಿ ನೋಡ್ತಿರು. ಊರಿಗೆಲ್ಲ ಆ ಗತಿ ಗೊತ್ತು. ಅಮ್ಮನ ಗತಿ ಗೊತ್ತಿರುವುದು ನನಗೊಬ್ಬಳಿಗೇ. ಸಣ್ಣಕ್ಷರ ಯಾರು ಓದುತ್ತಾರೆ? ನಾನೇ ಬೇರೆಯವರ ಸಣ್ಣಕ್ಷರ ಸಂಬಳ ಕೊಟ್ಟರೆ ಮಾತ್ರ ಓದುವುದು.

ಇಷ್ಟು ವರ್ಷ ಅಕ್ಷರ ನೋಡಿದೆ. ಅರ್ಥ ನೋಡಲಿಲ್ಲ.

ಮಾರ್ಚ್ ೧೫, ಶನಿವಾರ

ಇವರಿಗೆ ಹೇಳಿದೆ. ಮೊದಲು ನಕ್ಕುಬಿಟ್ಟರು. ನಗುವಂಥದ್ದೇ, ಬೇರೆಯವರಿಗೆ ಆಗಿದ್ದರೆ ನಾನೂ ಹೊಟ್ಟೆ ಹಿಡಿದು ನಗುತ್ತಿದ್ದೆ. ನನ್ನ ಮುಖ ನೋಡಿ ನಿಲ್ಲಿಸಿದರು. ಮೇಷ್ಟ್ರ ಹತ್ತಿರ ಹೋಗು, ಅವರು ತಿಳಿದವರು, ಜನಕ್ಕೆ ಬಿಡಿಸಿ ಹೇಳ್ತಾರೆ ಅಂದರು. ಅಷ್ಟು ಹೊತ್ತಿಗೆ ನಾನು ಆಗಲೇ ಚಪ್ಪಲಿ ಹಾಕಿಕೊಂಡಾಗಿತ್ತು.

ಮೇಷ್ಟ್ರು ಮನೆಯ ಹಿಂದೆ ಗಿಡಕ್ಕೆ ನೀರು ಬಿಡುತ್ತಿದ್ದರು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಪೈಪು ಕೆಳಗೆ ಹಾಕಿ ಕೇಳಿಸಿಕೊಂಡರು. ಆಶ್ಚರ್ಯವೇ ಪಡಲಿಲ್ಲ.

"ನನಗೆ ಅರ್ಥ ಆಗಿತ್ತಮ್ಮ. ನೀನು ಯಾವ ಅರ್ಥದಲ್ಲಿ ಬರೆದಿದ್ದೀಯ ಅಂತ ಅವತ್ತೇ ಗೊತ್ತಾಯ್ತು. ಜನ ಬೇರೆ ಥರ ಓದ್ತಾರೆ ಅಂತಾನೂ ಗೊತ್ತಾಯ್ತು."

"ಮತ್ತೆ ಒಂದು ಮಾತು ಹೇಳಬಹುದಿತ್ತಲ್ಲ ಮೇಷ್ಟ್ರೇ."

"ಹೇಳಿದ್ರೆ ನೀನು ತಿದ್ದಿಬಿಡ್ತಿದ್ದೆ."

ಎಷ್ಟು ಸಲೀಸಾಗಿ ಹೇಳಿದರು. ಒಳ್ಳೆಯವರು ಗೆಲ್ಲಬೇಕಾದರೆ ಕೆಲವು ಸಲ ಹೀಗೇ, ಗೆದ್ದ ಮೇಲೆ ನೋಡೋಣ, ಕಂಟ್ರಾಕ್ಟರು ಬಂದರೆ ಇಡೀ ವಾರ್ಡೇ ಹಾಳು ಅಂತ ಇನ್ನೂ ಏನೇನೋ ಅಂದರು. ನೀರು ನನ್ನ ಕಾಲ ಕೆಳಗೆ ಹರಿದು ಬಂದು ಚಪ್ಪಲಿ ನೆನೆಯಿತು. ಅವರ ಹೆಂಡತಿ ಬಂದು ಕಾಫಿ ಕುಡಿದು ಹೋಗು ಅಂದರು. ಕುಡಿದೆ. ಬೇಡ ಅನ್ನಲೂ ಬರಲಿಲ್ಲ ನನಗೆ.

ಮಾರ್ಚ್ ೧೮, ಮಂಗಳವಾರ

ಎರಡನೇ ಕಾಗದ. 'ಬೀದಿನಾಯಿಗಳನ್ನು ಕೊಲ್ಲಬೇಡಿ. ಯಾರ್ಡು ಉಳಿಸಿ.' ಈ ಸಲ ಮನೆಮಾತು ಗಿನೆಮಾತು ಏನೂ ಇಲ್ಲ. ಯಜಮಾನರು ಪ್ಲೇಟ್ ಹಾಕುವ ಮುಂಚೆ ನನ್ನನ್ನೇ ನೋಡಿದರು. ಎರಡೂ ಪಾರ್ಟಿಯವರು ನಮ್ಮ ಗಿರಾಕಿಗಳು ಕಣಮ್ಮ, ಕೆಳಗೆ ಪ್ರೆಸ್ಸಿನ ಹೆಸರು ಹಾಕಬೇಡ ಅಂದರು. ಹೆಸರಿಲ್ಲದ ಕಾಗದ. ಹೊಡೆದುಕೊಟ್ಟದ್ದೇ ದೊಡ್ಡದು.

ಬೇಕರಿಯವರು ಇದನ್ನು ಅಂಟಿಸಿಕೊಳ್ಳಲಿಲ್ಲ. ಹಳೆಯದು ಹಾಗೇ ಇದೆ. ಸಲೂನಿನವನು ಓದಿ, ನನ್ನನ್ನು ನೋಡಿ, ಯಾವ ಪಾರ್ಟಿಯವರು ಕೊಟ್ಟರು ಅಂತ ಕೇಳಿದ. ಮೊನ್ನೆ ಒಂದು ಬರೆದಿರಿ, ಇವತ್ತು ಇನ್ನೊಂದು. ಎಷ್ಟು ಸಿಕ್ಕಿತು ಅಂತ. ನಾನು ಪ್ಲೇಟು ತಿರುಗಿಸಿದವಳಂತೆ! ಗುಂಡಿ ನಾನೇ ತೋಡಿದ್ದು, ಬೈಯಲಿ ಯಾರನ್ನು.

ಸಂಜೆ ಕಂಟ್ರಾಕ್ಟರರ ಸಭೆ, ನಾಲ್ಕು ರಸ್ತೆ ಸೇರುವಲ್ಲಿ. ಯಾರ್ಡಿನಿಂದ ಬರುವಾಗ ಬೇಡವೆಂದರೂ ಕೇಳಿಸಿತು. ಹಳದಿ ಕಾಗದ ಎತ್ತಿ ಹಿಡಿದು ಮೈಕಿನಲ್ಲಿ, ಈ ವಾರ್ಡಿನ ಒಬ್ಬ ತಾಯಿಯೇ ಬರೆದು ಕೊಟ್ಟಿದ್ದಾರೆ, ಗತಿ ಕಾಣಿಸಿ ಅಂತ, ಕಾಣಿಸ್ತೀನಿ ಅಂದರು. ಚಪ್ಪಾಳೆ. ಆ ಫ್ಯಾಕ್ಟರಿ ಹೆಂಗಸು ಮುಂದಿನ ಸಾಲಿನಲ್ಲಿ ನಿಂತಿದ್ದಳು, ಮಗಳನ್ನು ಎತ್ತಿಕೊಂಡು. ತಲೆ ತಗ್ಗಿಸಿಕೊಂಡು ಗೋಡೆ ಬದಿಯಲ್ಲೇ ನಡೆದು ಬಂದೆ.

ಮಾರ್ಚ್ ೨೨, ಶನಿವಾರ

ಡಾಕ್ಟರಮ್ಮ ಮನೆ ಮನೆಗೆ ಹೋಗೋಣ ಅಂದರು. ಹೋದೆವು. ಆಪರೇಷನ್ ಆದರೆ ಸಂಖ್ಯೆ ತಾನಾಗಿ ಇಳಿಯುತ್ತದೆ, ಇಂಜೆಕ್ಷನ್ ಆದವು ಕಚ್ಚಿದರೂ ರೋಗ ಬರುವುದಿಲ್ಲ, ಇವನ್ನು ತೆಗೆದರೆ ಆಚೆ ಬೀದಿಯ ಹೊಸ ನಾಯಿಗಳು ಬಂದು ಸೇರಿಕೊಳ್ಳುತ್ತವೆ ಅಂತ ಪಾಪ, ಪ್ರತಿ ಬಾಗಿಲಲ್ಲೂ ಮೊದಲಿಂದ ಹೇಳಿದರು. ಕೇಳಿದರು ಜನ. ತಲೆಯಾಡಿಸಿದರು. ಎಲ್ಲ ಸರಿ ಡಾಕ್ಟ್ರೇ, ಆದರೂ ಒಂದು ಗತಿ ಕಾಣಿಸಬೇಕು ನೋಡಿ ಅಂದರು.

ನನ್ನ ಮಾತು ನನಗೇ ವಾಪಸ್ಸು, ಬಾಗಿಲು ಬಾಗಿಲಲ್ಲೂ.

ಮಾರ್ಚ್ ೩೦, ಭಾನುವಾರ

ಓಟು ಹಾಕಿ ಬಂದೆ. ಮೇಷ್ಟ್ರಿಗೇ. ಇನ್ಯಾರಿಗೆ ಹಾಕಲಿ? ಒಬ್ಬರು ಅರ್ಥವಾಗದೆ ಸಹಿ ಹಾಕಿದರು, ಒಬ್ಬರು ಅರ್ಥವಾಗಿ. ಅರ್ಥ ಗೊತ್ತಿದ್ದವರಿಗೆ ಯಾವತ್ತಾದರೂ ನಾಚಿಕೆ ಆಗಬಹುದು ಅಂತ ಒಂದು ಆಸೆ. ಇವರು ಯಾರಿಗೆ ಹಾಕಿದರೋ ಹೇಳಲಿಲ್ಲ. ದಾರಿಯುದ್ದಕ್ಕೂ ನನ್ನ ಚೀಲ ಅವರೇ ಹಿಡಿದುಕೊಂಡಿದ್ದರು.

ಏಪ್ರಿಲ್ ೧, ಮಂಗಳವಾರ

ಮೇಷ್ಟ್ರು ಗೆದ್ದರು.

ಅಭಿನಂದನೆಯ ಕಾರ್ಡು ಹೊಡೆಯಲು ಬೆಳಗ್ಗೆಯೇ ಆರ್ಡರ್ ಬಂತು. ಮೇಷ್ಟ್ರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಸಂಜೆ ಮತ್ತೆ ಮಾಡಿದೆ.

ಏಪ್ರಿಲ್ ೯, ಬುಧವಾರ

ನೋಟಿಸು ನಮ್ಮ ಪ್ರೆಸ್ಸಿಗೇ ಬಂತು, ಕಂಪೋಸಿಗೆ. ನಗರಸಭೆಯ ಕೆಲಸ ಇನ್ನೆಲ್ಲಿಗೆ ಹೋಗಬೇಕು. ಪಶು ಆಸ್ಪತ್ರೆಯ ಹಿಂದಿನ ಜಾಗವನ್ನು ತೆರವು ಮಾಡುವ ಬಗ್ಗೆ. ಸಾರ್ವಜನಿಕರ ಲಿಖಿತ ಮನವಿಯ ಮೇರೆಗೆ ಅಂತ ಇದೆ. ಆ ಸಾರ್ವಜನಿಕರು ನಾನು. ಅಲ್ಲಿರುವ ಪ್ರಾಣಿಗಳನ್ನು ಸ್ಥಳಾಂತರಿಸಿ ಸೂಕ್ತ ವ್ಯವಸ್ಥೆ ಮಾಡಲಾಗುವುದು. ಕೆಳಗೆ ಅಧಿಕಾರಿಯ ಸಹಿಯ ಪಕ್ಕದಲ್ಲೇ ವಾರ್ಡ್ ಸದಸ್ಯರದ್ದು, ಆ ಅಂದದ ಸಹಿ.

ಪ್ರೂಫ್ ನೋಡಿದೆ. ಕೆಂಪು ಪೆನ್ನು ಹಿಡಿದು ಎರಡು ಸಲ. ಎಲ್ಲಾದರೂ ಒಂದು ಕೊಂಬು, ಒಂದು ಒತ್ತು ತಪ್ಪಿದ್ದರೆ ವಾಪಸ್ಸು ಕಳಿಸಿ ಒಂದು ದಿನವಾದರೂ ತಡ ಮಾಡಿಸಬಹುದಿತ್ತು. ಮೇಷ್ಟ್ರು ಸ್ವತಃ ಬರೆದದ್ದು. ಒಂದೂ ತಪ್ಪಿಲ್ಲ.

ಡಾಕ್ಟರಮ್ಮನನ್ನು ಕೇಳಿದೆ, ಸೂಕ್ತ ವ್ಯವಸ್ಥೆ ಅಂದರೆ ಏನು ಅಂತ. ಊರಾಚೆಯ ಹಳೇ ಕಲ್ಲು ಕ್ವಾರಿಯ ಶೆಡ್ಡು. ಅಲ್ಲಿ ಸಾಯಿಸುವ ಇಂಜೆಕ್ಷನ್ನು. ಮೊದಲು ಡಾಕ್ಟರಮ್ಮನಿಗೇ ಅದನ್ನು ಕೊಡಲು ಹೇಳಿದರಂತೆ. ಆಗಲ್ಲ ಅಂತ ಬರೆದು ಕೊಟ್ಟಿದ್ದಾರೆ. ಬೇರೆ ಊರಿನ ಡಾಕ್ಟರು ಬರುತ್ತಾರಂತೆ. ಕೋರ್ಟು ಗೀರ್ಟು ಅಂದೆ. ಅಲ್ಲಿ ಮೊದಲು ತೋರಿಸುವುದೇ ನಿಮ್ಮ ಕಾಗದದ ದಪ್ಪಕ್ಷರ ಅಕ್ಕ, ಸಣ್ಣಕ್ಷರ ಓದುವ ಹೊತ್ತಿಗೆ ಇಲ್ಲಿ ಎಲ್ಲ ಮುಗಿದಿರುತ್ತದೆ ಅಂದರು. ನನ್ನ ಮೇಲೆ ಸಿಟ್ಟಿಲ್ಲ ಆಕೆಗೆ. ಇದ್ದಿದ್ದರೆ ಒಳ್ಳೆಯದಿತ್ತು.

ಏಪ್ರಿಲ್ ೧೦, ಗುರುವಾರ

ಇವರು ಇದ್ದಕ್ಕಿದ್ದ ಹಾಗೆ, ಒಂದನ್ನ ಮನೆಗೆ ಕರ್ಕೊಂಡು ಬಾ ಅಂದರು. ನಾಯಿ ಮುಟ್ಟಿದವರಲ್ಲ, ಮೂಗಿಗೆ ಕರ್ಚೀಫು ಹಿಡಿಯುವವರು. ಬಾಗಿಲ ಹತ್ತಿರ ಫ್ರಿಜ್ಜಿದ್ದ ಜಾಗ ಖಾಲಿಯಿದೆಯಲ್ಲ ಅಂದರು. ಅಳು ಬಂತು.

ಒಂದು ಅಂದರೆ ಯಾವುದು? ಅಜ್ಜಿ? ಕಣ್ಣಿಲ್ಲ, ಹೊಸ ಜಾಗದಲ್ಲಿ ಗೋಡೆಗೆ ಹಾಯುತ್ತದೆ. ಸೆಕ್ರೆಟರಿಯನ್ನು ತಂದು ಕುಂಟಿಯನ್ನು ಬಿಟ್ಟರೆ ಕುಂಟಿಯ ಮುಖ ಹೇಗೆ ನೋಡಲಿ? ನೋಡಬೇಕಾಗಿಯೇ ಬರುವುದಿಲ್ಲ ಅನ್ನುವುದು ಬೇರೆ ಮಾತು.

ಆಯ್ಕೆಯ ತಾಪತ್ರಯವೇ ತಪ್ಪಿತು. ಕೆಳಗಿನ ಮನೆಯ ಓನರಮ್ಮ ಖಡಾಖಂಡಿತ ಆಗಲ್ಲ ಅಂದರು. ನಾಯಿ ಬೇಡ ಅಂತ ಊರಿಗೆಲ್ಲ ಕಾಗದ ಹಂಚಿದವರು ನೀವೇ, ಈಗ ಮನೆಯೊಳಗೇ ತರ್ತೀನಿ ಅಂದರೆ ಹೇಗೆ ಅಂತ. ಯಾರಾದರೂ ಒಂದನ್ನು ಸಾಕುತ್ತೀರಾ ಅಂತ ಪ್ರೆಸ್ಸಿನಲ್ಲಿ ಕೇಳಿದೆ. ಬೇಕರಿಯಲ್ಲಿ. ಡಾಕ್ಟರಮ್ಮ ಇರುವುದು ಹಾಸ್ಟೆಲಿನಲ್ಲಿ. ಇಲ್ಲ. ಇಲ್ಲ. ಇಲ್ಲ.

ಏಪ್ರಿಲ್ ೧೨, ಶನಿವಾರ. ಬೆಳಗ್ಗೆ

ಡಾಕ್ಟರಮ್ಮನ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ವ್ಯಾನ್ ಬಂದಿದೆ. ಮೂರು ಜನ. ಉದ್ದ ಕೋಲಿನ ತುದಿಗೆ ತಂತಿಯ ಕುಣಿಕೆ. ಒಂದಕ್ಕೆ ಹಾಕಿ ಎಳೆದರು, ಕುಂಟಿಗೆ. ಅದು ಕಿರುಚಿದ್ದು ಕೇಳಿ ಉಳಿದವೆಲ್ಲ ಹಿಂದಿನ ಗೋಡೆಗೆ ಹೋಗಿ ಒತ್ತಿಕೊಂಡಿವೆ. ಅಜ್ಜಿ ಗಿರಗಿರ ಸುತ್ತುತ್ತಿದೆ.

ಅವರಲ್ಲಿ ವಯಸ್ಸಾದವರು ಬಾಗಿಲಲ್ಲಿ ಬಂದು ನಿಂತರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

"ದಿನಾ ಊಟ ಹಾಕೋದು ನೀವೇ ಅಂತಲ್ಲ ಅಕ್ಕ. ನೀವು ಕರೆದ್ರೆ ಬರ್ತಾವೆ. ನಮಗೂ ಈ ತಂತಿ ಹಾಕೋಕೆ ಮನಸ್ಸಿಲ್ಲ."

ಡಾಕ್ಟರಮ್ಮನ ಮುಖ ನೋಡಿದೆ. ಕಿಟಕಿಯ ಕಡೆ ತಿರುಗಿಬಿಟ್ಟರು. ಕರೆದರೂ ಅಲ್ಲಿಗೇ, ಕರೆಯದಿದ್ದರೂ ಅಲ್ಲಿಗೇ. ಕರೆದರೆ ತಂತಿ ತಪ್ಪುತ್ತದೆ, ಅಷ್ಟೇ. ಅಷ್ಟೇನಾ? ನಂಬಿದವಳೇ ಕರೆದು...

ಮತ್ತೆ ಕಿರುಚಿತು. ಹೋಗುತ್ತೇನೆ.

ಮಧ್ಯಾಹ್ನ

ಪ್ರೆಸ್ಸು. ಯಜಮಾನರು ಮನೆಗೆ ಹೋಗು ಅಂದರು. ಹೋಗಲಿಲ್ಲ. ಮದ್ಯದಂಗಡಿಯ ಬಿಲ್ ಬುಕ್ಕಿನ ಪ್ರೂಫ್ ಮುಂದಿದೆ.

ಕರೆದೆ. ಯಾವಾಗಲೂ ಕರೆಯುವ ಹಾಗೇ, 'ಬನ್ರಪ್ಪಾ ಬನ್ನಿ, ಊಟ' ಅಂತ. ದನಿ ನಡುಗದ ಹಾಗೆ ನೋಡಿಕೊಂಡೆ. ನಡುಗಿದರೆ ಅವಕ್ಕೆ ಗೊತ್ತಾಗುತ್ತದೆ. ಗೋಡೆ ಬಿಟ್ಟು ಒಂದೊಂದೇ ಬಂದವು, ಬಾಲ ಆಡಿಸುತ್ತಾ. ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ ಅನ್ನುವ ಹಾಗೆ ಕಾಲಿಗೆ ಉಜ್ಜಿಕೊಂಡವು. ವ್ಯಾನಿನೊಳಗೆ ಬ್ರೆಡ್ ಇಟ್ಟೆ. ಹತ್ತಿದವು. ಅಜ್ಜಿಯನ್ನು ನಾನೇ ಎತ್ತಿ ಒಳಗೆ ಬಿಟ್ಟೆ, ನನ್ನ ಕೈ ನೆಕ್ಕಿತು. ಯಾರೂ ಎಳೆಯಬೇಕಾಗಲಿಲ್ಲ. ಆ ವಯಸ್ಸಾದವರು ಥ್ಯಾಂಕ್ಸ್ ಅಕ್ಕ ಅಂದರು.

ಸೆಕ್ರೆಟರಿ ಕೊನೆಗೆ. ಮುಂಗಾಲು ವ್ಯಾನಿನ ಮೇಲಿಟ್ಟು ನಿಂತಿತು. ಹತ್ತಲಿಲ್ಲ. ತಿರುಗಿ ನೋಡಿತು, ನಾನೂ ಜೊತೆಗೆ ಬರುತ್ತೇನೆ ಅಂದುಕೊಂಡು. ಕಾಯುತ್ತಾ ನಿಂತಿತು. ನಾನು 'ಹತ್ತು, ಬಂದೆ' ಅಂದೆ. ಹತ್ತಿತು.